ಭಾವನ ಕಾರಿನ ತೂಕ

ನಾನು ವೇಬ್ರಿಡ್ಜ್‌ನಲ್ಲಿ ಕೆಲಸ ಮಾಡುವವಳು. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ, ಗಾಜಿನ ಗೂಡಿನೊಳಗೆ ಕೂತ ನಾನು ಕೆಂಪು ಅಂಕಿ ನೋಡಿ ತೂಕದ ಚೀಟಿ ಕೊಡುತ್ತೇನೆ. ಹದಿನಾರು ವರ್ಷದಿಂದ ಇದೇ. "ಸ್ವಲ್ಪ ಹೆಚ್ಚು ಬರೀರಿ", "ಸ್ವಲ್ಪ ಕಮ್ಮಿ ಬರೀರಿ" ಎಂದು ಗೋಗರೆಯುವವರನ್ನು ದಿನಾ ನೋಡಿ ನೋಡಿ ನನಗೆ ಮನುಷ್ಯರ ಮಾತಿಗಿಂತ ಆ ಕೆಂಪು ಅಂಕಿಯ ಮೇಲೆ ನಂಬಿಕೆ ಜಾಸ್ತಿ. ಮನೆಯವರು ನನ್ನನ್ನು ಸಿಡುಕಿ ಅನ್ನುತ್ತಾರೆ. ಇರಬಹುದು. ಆದರೆ ಈಗ ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಅಕ್ಕನ ಗಂಡನದು.

ಭಾವ ಟೈಲರ್. ಪ್ಯಾಂಟು, ಕೋಟು ಹೊಲಿಯುವವರು. ಜೆರಾಕ್ಸ್ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಅವರ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ದಪ್ಪನೆಯ ಗಿರಾಕಿ ಬಂದರೆ ಹೊರಗೆ ಫುಟ್‌ಪಾತಿನಲ್ಲಿ ನಿಲ್ಲಿಸಿಯೇ ಅಳತೆ ತೆಗೆಯಬೇಕು. ಇಪ್ಪತ್ತೆಂಟು ವರ್ಷದಿಂದ ಅದೇ ಸ್ಟೂಲು, ಅದೇ ಮಿಷನ್ನು. ಒಮ್ಮೆ ನಾನು, "ನಿಮಗ್ಯಾಕೆ ಭಾವ ಈ ರೇಸಿನ ಹುಚ್ಚು?" ಎಂದು ಕೇಳಿದ್ದಕ್ಕೆ ಮಿಷನ್ನಿನ ಕೆಳಗಿದ್ದ ತಮ್ಮ ಕಾಲು ತೋರಿಸಿದರು. "ಬೆಳಗ್ಗೆಯಿಂದ ಸಂಜೆವರೆಗೂ ತುಳೀತಾನೇ ಇರ್ತೀನಿ ಕಣಮ್ಮ. ಇಪ್ಪತ್ತೆಂಟು ವರ್ಷ ಆಯ್ತು, ಒಂದಡಿ ಮುಂದೆ ಹೋಗಿಲ್ಲ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ವರ್ಷಕ್ಕೆ ನಾಲ್ಕು ಭಾನುವಾರ ಅಲ್ಲಿನ ಕ್ಲಬ್ಬಿನವರು ನಮ್ಮಂಥವರಿಗೂ ತಮ್ಮ ತಮ್ಮ ಕಾರು ತಂದು ಓಡಿಸಲು ಬಿಡುತ್ತಾರೆ. ಅದಕ್ಕೆಂದೇ ಭಾವ ಒಂದು ಹಳೆಯ ಎರಡು ಬಾಗಿಲಿನ ಕಾರು ತಂದು, ಅದರ ಮೈಮೇಲಿದ್ದದ್ದನ್ನೆಲ್ಲ ಕಿತ್ತು ಬರಿದು ಮಾಡಿದ್ದರು. ಹಿಂದಿನ ಸೀಟು ಹೋಯಿತು, ಪಕ್ಕದ ಸೀಟು ಹೋಯಿತು, ನೆಲದ ಕಾರ್ಪೆಟ್ಟು, ರೇಡಿಯೋ, ಹೀಟರ್ರು, ದೀಪ, ಕೊನೆಗೆ ಸೈಲೆನ್ಸರ್ರೂ ಹೋಯಿತು. ಹೀಗಾಗಿ ಅದು ರಸ್ತೆಗೆ ಇಳಿಯುವ ಹಾಗಿಲ್ಲ. ಟ್ರೇಲರ್ ಮೇಲೆ ಹತ್ತಿಸಿ, ಇನ್ನೊಂದು ಗಾಡಿಯ ಹಿಂದೆ ಕಟ್ಟಿಕೊಂಡೇ ಟ್ರ್ಯಾಕಿಗೆ ಒಯ್ಯಬೇಕು.

ಹಗುರ ಮಾಡುವುದು ಭಾವನಿಗೆ ಒಂದು ಗೀಳಾಗಿತ್ತು. ಕಿತ್ತ ಪ್ರತಿಯೊಂದು ವಸ್ತುವನ್ನೂ ಅಕ್ಕನ ಅಡಿಗೆಮನೆಯ ತಕ್ಕಡಿಯಲ್ಲೋ ಸ್ನಾನದ ಕೋಣೆಯ ತೂಕದ ಯಂತ್ರದಲ್ಲೋ ಇಟ್ಟು ತೂಗಿ, ಅಂಗಡಿಯ ಗೋಡೆಗೆ ಟೈಲರ್ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಕಂಪನಿಯವರು ಹೇಳಿದ ತೂಕದಿಂದ ಇದನ್ನೆಲ್ಲ ಕಳೆದು, ಹೊಸದಾಗಿ ಹಾಕಿಸಿದ್ದನ್ನು ಅಂದಾಜಿನ ಮೇಲೆ ಕೂಡಿ, "ಏಳುನೂರ ಇಪ್ಪತ್ತು ಕೆಜಿ. ಹೂವು!" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಆದರೂ ಟ್ರ್ಯಾಕಿನಲ್ಲಿ ಏರು ಬಂದ ಕೂಡಲೇ ಕಾರು ಏದುಸಿರು ಬಿಡುತ್ತಿತ್ತು. ಯಾಕೆಂದು ಅವರಿಗೆ ತಿಳಿಯಲೇ ಇಲ್ಲ. ಪೆಡಲುಗಳಿಗೆ ತೂತು ಕೊರೆದರು, ಬಾಗಿಲಿನ ಹಿಡಿ ಬಿಚ್ಚಿ ಪಟ್ಟಿ ಹೊಲಿದು ಹಾಕಿದರು. ಕಡೆಗೆ ಆ ಭಾನುವಾರಗಳಂದು ತಿಂಡಿ ತಿನ್ನುವುದನ್ನೇ ಬಿಟ್ಟರು.

ಹೊಸದಾಗಿ ಹಾಕಿಸಿದ್ದೆಂದರೆ ಒಂದೇ, ಕಬ್ಬಿಣದ ಪೈಪಿನ ಪಂಜರ. ಕಾರು ಪಲ್ಟಿ ಹೊಡೆದರೂ ತಲೆ ಉಳಿಯಲೆಂದು ಕಾರಿನೊಳಗೆ ಸುತ್ತಲೂ ಅದನ್ನು ಕಟ್ಟಬೇಕು, ಕ್ಲಬ್ಬಿನ ನಿಯಮ. ನಮ್ಮ ಬೀದಿಯ ವೆಲ್ಡಿಂಗ್ ಶೆಡ್ಡಿನವರು ಅದನ್ನು ಮಾಡಿಕೊಟ್ಟರು. ಅವರನ್ನು ಎಲ್ಲರೂ ಕಿಡಿಯಣ್ಣ ಅನ್ನುತ್ತಾರೆ. ಭಾವ ಕೊರಳಲ್ಲಿ ನೇತಾಡುವ ಟೇಪು ತೆಗೆದು ಪ್ರತಿಯೊಂದು ಪೈಪಿನ ಸುತ್ತಳತೆಯನ್ನೂ ಪರೀಕ್ಷಿಸಿ, "ಹೇಳಿದ ಅಳತೆಯೇ ಇದೆ, ಭೇಷ್" ಎಂದು ಬೆನ್ನು ತಟ್ಟಿ ಬಂದಿದ್ದರು.

ಇಷ್ಟು ದಿನ ಹಿಂದಿನ ಬೀದಿಯ ಹಾಲಿನ ಲಾರಿಯವರು ಟ್ರೇಲರನ್ನು ತಮ್ಮ ಲಾರಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅವರು ಬೆನ್ನುನೋವೆಂದು ಲಾರಿ ಮಾರಿಬಿಟ್ಟರು. ಒಂದು ಭಾನುವಾರ ತಪ್ಪಿತು. ಕ್ಲಬ್ಬಿನಲ್ಲಿ ಸಾಲಾಗಿ ಎರಡು ಭಾನುವಾರ ತಪ್ಪಿಸಿದವರ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಕಾಯುವವರ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು, ಸರದಿ ಬರಲು ಏಳೆಂಟು ವರ್ಷ. ಐವತ್ನಾಲ್ಕರ ಭಾವನಿಗೆ ಅದು ಇನ್ನು ಬೇಡ ಅಂದ ಹಾಗೆಯೇ. ಮುಂದಿನ ರೇಸಿನ ಭಾನುವಾರಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಅಷ್ಟರೊಳಗೆ ಕೈಗೆಟುಕುವ ಒಂದು ಗಾಡಿ, ಎಳೆಯುವ ಗಾಡಿ, ಸಿಗಬೇಕಿತ್ತು.

ಭಾವ ಅಂಗಡಿಯ ಮುಂದೆ ಒಂದು ಬೋರ್ಡು ಬರೆಸಿ ಹಾಕಿದರು. ಬೋರ್ಡು ಬರೆದವರು ಒಂದಕ್ಷರ ನುಂಗಿಬಿಟ್ಟಿದ್ದರು: "ಎಳೆಯ ಗಾಡಿ ಬೇಕಾಗಿದೆ. ಹಳೆಯದಾದರೂ ಪರವಾಗಿಲ್ಲ." ಎಳೆಯದೂ ಹಳೆಯದೂ ಆದ ಗಾಡಿ ಎಂಥದ್ದೆಂದು ನೋಡಲು ಜೆರಾಕ್ಸ್ ಅಂಗಡಿಯ ಗಿರಾಕಿಗಳೆಲ್ಲ ನಿಂತು ಓದಿ ನಕ್ಕರು. ಆರೇ ತಿಂಗಳು ಓಡಿದ್ದು, ಸೀಟಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ ಎಂದು ಮೂವರು ಫೋನ್ ಮಾಡಿದರು. ಬೆಲೆ ಕೇಳಿ ಭಾವ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದರು.

ಕೊನೆಗೆ ಉಳಿದದ್ದು ಎರಡು. ಒಂದು ಬಟ್ಟೆ ಒಗೆಯುವ ಕಂಪನಿಯವರು ಮಾರಲಿಟ್ಟಿದ್ದ ಡೀಸೆಲ್ ವ್ಯಾನು. ಎತ್ತರದ ಡಬ್ಬ, ಚಕ್ರದ ಮೇಲೆಲ್ಲ ತುಕ್ಕು, ಒಳಗೆ ಹೊಕ್ಕರೆ ಸೋಪಿನ ಘಾಟು. ಇನ್ನೊಂದು ಒಬ್ಬ ನಿವೃತ್ತ ಮೇಷ್ಟರ ಕೆಂಪು ಕಾರು. ಚಿಕ್ಕದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ. "ವ್ಯಾನ್ ತಗೊಳ್ಳಿ" ಅಂದೆ ನಾನು. ಭಾವ ಮುಖ ಸಿಂಡರಿಸಿದರು. "ನಿಮ್ಮಕ್ಕ ಮಾರ್ಕೆಟ್ಟಿಗೂ ತಗೊಂಡು ಹೋಗೋ ಹಾಗಿರ್ಬೇಕು ನಾದಿನಿ. ಆ ಡಬ್ಬದಲ್ಲಿ ಅವಳು ಕೂತ್ರೆ ಲಾಂಡ್ರಿಯವಳು ಬಂದ್ಲು ಅಂತಾರೆ." ಕೆಂಪು ಕಾರಿನ ಬಾಗಿಲ ಅಂಚಿಗೆ ಅಂಟಿಸಿದ್ದ ತಗಡಿನ ಮೇಲೆ, ಹಿಂದೆ ಕಟ್ಟಿದ್ದು ಒಟ್ಟು ಒಂದು ಸಾವಿರ ಕೆಜಿ ಮೀರಬಾರದು ಎಂದಿತ್ತು. ರೇಸಿನ ಕಾರು ಏಳುನೂರ ಇಪ್ಪತ್ತು, ಟ್ರೇಲರ್ ಇನ್ನೂರ ಎಪ್ಪತ್ತು. "ಒಂಬೈನೂರ ತೊಂಬತ್ತು! ಅಳತೆ ಕೊಟ್ಟು ಹೊಲಿಸಿದ ಹಾಗಿದೆ" ಎಂದು ಭಾವ ಕುಣಿದಾಡಿದರು.

ಎಳೆದು ನೋಡಿ ಆಮೇಲೆ ತಗೊಳ್ಳಿ ಎಂದು ಮೇಷ್ಟರು ಒಂದು ಮಧ್ಯಾಹ್ನದ ಮಟ್ಟಿಗೆ ಕಾರು ಕೊಟ್ಟರು. ಟ್ರೇಲರ್ ಎಳೆಯುವ ಅನುಮತಿಗೆ ಸಾರಿಗೆ ಕಚೇರಿಯವರು ತೂಕದ ಚೀಟಿಯನ್ನೂ ಕೇಳಿದ್ದರು, ಹಾಗಾಗಿ ರೇಸಿನ ಕಾರು ಹೇರಿದ ಟ್ರೇಲರನ್ನು ಹಿಂದೆ ಕಟ್ಟಿಕೊಂಡು ಭಾವ ಸೀದಾ ನಮ್ಮ ವೇಬ್ರಿಡ್ಜಿಗೇ ಹೊರಟರು. ಪಕ್ಕದಲ್ಲಿ ಅಕ್ಕ ಕೂತಿದ್ದಳು.

ನಮ್ಮ ಗೇಟಿಗೆ ಬರುವಾಗ ಒಂದು ಸಣ್ಣ ಇಳಿಜಾರಿದೆ, ಅದರ ಬುಡದಲ್ಲಿ ಸಿಗ್ನಲ್ಲು. ಗೂಡಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. ಕೆಂಪು ದೀಪ ಬಿತ್ತು. ಭಾವ ಬ್ರೇಕು ಒತ್ತಿದ್ದು ಕಾರಿನ ಮೂತಿ ತಗ್ಗಿದ್ದರಿಂದ ಗೊತ್ತಾಯಿತು. ಕಾರು ನಿಲ್ಲಲಿಲ್ಲ. ಹಿಂದಿನ ಟ್ರೇಲರು ಅದನ್ನು ಕತ್ತು ಹಿಡಿದು ನೂಕಿದ ಹಾಗೆ ನೂಕಿಕೊಂಡು, ಗೆರೆ ದಾಟಿಸಿ, ಅಡ್ಡರಸ್ತೆಯ ಮಧ್ಯದವರೆಗೂ ತಳ್ಳಿತು. ಒಂದು ಬಸ್ಸು ಕಿರ್ರೆಂದು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು.

ಒಳಗೆ ಬಂದಾಗ ಭಾವನ ಮುಖ ಬಿಳಿಚಿಕೊಂಡಿತ್ತು. "ಬ್ರೇಕ್ ಸರಿಯಿಲ್ಲ ಅನ್ಸತ್ತೆ" ಅಂದರು. ನಾನು ಟ್ರೇಲರನ್ನು ಬಿಚ್ಚಿಸಿ, ಅದನ್ನಷ್ಟೇ ಹಲಗೆಯ ಮೇಲೆ ಬಿಡಿಸಿ ಗೂಡಿಗೆ ಹೋಗಿ ಕೂತೆ. ಅಂಕಿ ಓಡಿ ಓಡಿ ನಿಂತಿತು. ಒಂದು ಸಾವಿರದ ನೂರ ಎಂಬತ್ತು.

ನಾನು ದಂಗಾದೆ. ನೂರ ತೊಂಬತ್ತು ಕೆಜಿ ಹೆಚ್ಚು! ಅಷ್ಟೆಂದರೆ ಗಟ್ಟಿಮುಟ್ಟಾದ ಇಬ್ಬರು ಗಂಡಸರು ಆ ಕಾರಿನೊಳಗೆ ಅಡಗಿ ಕೂತ ಲೆಕ್ಕ.

"ನಿನ್ನ ಮಿಷನ್ ಕೆಟ್ಟಿದೆ" ಅಂದರು ಭಾವ.

ನನಗೆ ಎಲ್ಲಿತ್ತೋ ಸಿಟ್ಟು. "ಯಾರನ್ನ ಬೇಕಾದ್ರೂ ಅನ್ನಿ, ನನ್ನ ಮಿಷನ್ ಸುದ್ದಿಗೆ ಬರಬೇಡಿ" ಎಂದು ಟ್ರೇಲರನ್ನು ಇಳಿಸಿ, ಅಂಗಳದಲ್ಲಿದ್ದ ಒಂದು ಖಾಲಿ ಲಾರಿಯನ್ನು ಹತ್ತಿಸಿದೆ. ಬೆಳಗ್ಗೆ ಎಷ್ಟಿತ್ತೋ ಅಷ್ಟೇ ಬಂತು, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಮತ್ತೆ ಟ್ರೇಲರ್ ಹತ್ತಿಸಿದೆ. ಮತ್ತೆ ಸಾವಿರದ ನೂರ ಎಂಬತ್ತು. ಹಿಂದೆ ನಾಲ್ಕು ಲಾರಿಗಳು ಹಾರನ್ ಹೊಡೆಯತೊಡಗಿದ್ದವು. ಭಾವ ಬಗ್ಗಿ ಕಾರಿನ ಕೆಳಗೆ ನೋಡಿದರು, ಟ್ರೇಲರಿನ ಕೆಳಗೆ ನೋಡಿದರು. ಮಣ್ಣು ಮೆತ್ತಿಕೊಂಡಿರಬಹುದು ಅಂದರು. ನೂರ ತೊಂಬತ್ತು ಕೆಜಿ ಮಣ್ಣು!

ಅಷ್ಟು ಹೊತ್ತೂ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಈಗ ಮುಂದೆ ಬಂದಳು.

"ಮಿಷನ್ ಸರಿಯಾಗೇ ಇದೆ ರೀ. ಹೆಚ್ಚಿಗೆ ಇರೋದು ನಾನು ಹಾಕ್ಸಿದ್ದು."

"ಏನು ಹಾಕ್ಸಿದ್ದು?"

"ಕಬ್ಬಿಣ."

ಅಕ್ಕ ಒಂದೊಂದಾಗಿ ಹೇಳಿದಳು. ಪಂಜರ ಕಟ್ಟುವಾಗಲೇ ಅವಳು ಕಿಡಿಯಣ್ಣನ ಶೆಡ್ಡಿಗೆ ಹೋಗಿದ್ದಳಂತೆ. "ಪೈಪು ಹೊರಗಿನಿಂದ ಇವರು ಹೇಳಿದಷ್ಟೇ ಇರ್ಲಿ, ಇಲ್ದಿದ್ರೆ ಟೇಪ್ ಹಿಡಿದು ಕಂಡುಹಿಡಿದುಬಿಡ್ತಾರೆ. ಒಳಗಡೆ ಎಷ್ಟು ದಪ್ಪ ಮಾಡೋಕಾಗತ್ತೋ ಅಷ್ಟು ಮಾಡಿ ಅಂದೆ." ಆಮೇಲೆ ಸೀಟಿನ ಕೆಳಗೆ ಒಂದು ಉಕ್ಕಿನ ತಗಡು. ಬೆನ್ನ ಹಿಂದೆ ಇನ್ನೊಂದು. ಡ್ರೈವರ್ ಬಾಗಿಲಿನೊಳಗೆ, ಎರಡು ಪದರದ ನಡುವೆ, ಮತ್ತೊಂದು. ಮೂರು ವರ್ಷದಲ್ಲಿ ಕಾರು ರಿಪೇರಿಗೆಂದು ಶೆಡ್ಡಿಗೆ ಹೋದಾಗಲೆಲ್ಲ ಏನಾದರೊಂದು ಸೇರುತ್ತಿತ್ತು. ಈ ಕಡೆಯಿಂದ ಭಾವ ಗ್ರಾಂ ಲೆಕ್ಕದಲ್ಲಿ ಬಿಚ್ಚುತ್ತಿದ್ದರೆ ಆ ಕಡೆಯಿಂದ ಅಕ್ಕ ಕೆಜಿ ಲೆಕ್ಕದಲ್ಲಿ ತುಂಬುತ್ತಿದ್ದಳು. ಊರಿನ ಯಾವ ಟೈಲರ್ರೂ ಪೈಪನ್ನು ಸುತ್ತಳತೆಯಿಂದಲೇ ಅಳೆಯುತ್ತಾನೆ, ಒಳಗಿನ ದಪ್ಪ ಎಷ್ಟೆಂದು ಕೇಳುವುದು ಅವನಿಗೆ ಹೊಳೆಯುವುದೇ ಇಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಅಕ್ಕನಿಗೆ ಇದು ಗೊತ್ತಿತ್ತು.

"ಬಾಗಿಲು ಗಟ್ಟಿಯಾಗಿ ಮುಚ್ಚತ್ತೆ ಅಂತ ನಾನು ಕಿಡಿಯಣ್ಣನ್ನ ಹೊಗಳ್ತಿದ್ನಲ್ಲೇ" ಅಂದರು ಭಾವ. ಆಮೇಲೆ, "ಮೂರು ವರ್ಷ ನಾನು ತಿಂಡಿ ತಿಂದಿಲ್ಲ" ಅಂದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಹದಿನಾರು ವರ್ಷದಲ್ಲಿ ಮೊದಲ ಸಲ ಚೀಟಿಯ ಮೇಲೆ ತಪ್ಪು ತಾರೀಖು ಬರೆದೆ.

ಮೂರು ದಿನ ಭಾವ ಅಕ್ಕನ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಎದ್ದು ಹೋಗಿ ತರುತ್ತಿದ್ದರು. ನನಗೆ ಇಬ್ಬರ ಮೇಲೂ ಕೋಪ. ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ: "ಹೆದರಿಕೆ ಇದ್ರೆ ಹೋಗ್ಬೇಡಿ ಅನ್ನು, ಕದ್ದು ಕಬ್ಬಿಣ ತುಂಬ್ಸೋದು ಯಾವ ಸೀಮೆ ನ್ಯಾಯ? ಆ ಬಸ್ಸು ಗುದ್ದಿದ್ರೆ?" ಅಕ್ಕ ಅತ್ತಳು. "ಹೋಗ್ಬೇಡಿ ಅಂತ ಹೇಗೆ ಹೇಳ್ಲಿ? ಆ ನಾಲ್ಕು ಭಾನುವಾರ ಬಿಟ್ರೆ ಅವರ ಮುಖ ನೋಡಿದೀಯಾ ನೀನು?" ಅಂದಳು. ನಾಲ್ಕನೆಯ ದಿನ ಅವಳೇ ಗಂಡನ ಮುಂದೆ ಹೋಗಿ ನಿಂತು, "ಕಡಿಸಿಬಿಡಿ ಎಲ್ಲಾನೂ. ಕೆಂಪು ಕಾರೇ ತಗೊಳ್ಳಿ. ನನ್ನಿಂದ ನಿಮ್ಮ ಭಾನುವಾರ ತಪ್ಪೋದು ಬೇಡ" ಅಂದಳು. ಭಾವ ಬರೀ ತಲೆಯಾಡಿಸಿದರು. ಆಗ ಉಳಿದಿದ್ದು ಒಂಬತ್ತೇ ದಿನ.

ಮರುದಿನ ಬೆಳಗ್ಗೆ ಕಿಡಿಯಣ್ಣನ ಶೆಡ್ಡಿನಲ್ಲಿ ನಾವು ಮೂವರೂ ಇದ್ದೆವು. ಕಿಡಿಯಣ್ಣ ಭಾವನ ಕಣ್ಣು ತಪ್ಪಿಸುತ್ತಿದ್ದರು. "ಅಮ್ಮಾವ್ರು ಅಷ್ಟು ಕೇಳ್ಕೊಂಡ್ರು, ಇಲ್ಲ ಅನ್ನೋಕಾಗ್ಲಿಲ್ಲ ಟೈಲರ್ರೇ" ಎಂದು ಕಬ್ಬಿಣ ಕತ್ತರಿಸುವ ಮಿಷನ್ನು ಕೈಗೆತ್ತಿಕೊಂಡರು. ಮೊದಲು ಡ್ರೈವರ್ ಬಾಗಿಲು. ಅದನ್ನು ಕಳಚಿ ಎರಡು ಕಬ್ಬಿಣದ ಕುದುರೆಗಳ ಮೇಲೆ ಮಲಗಿಸಿ, ಒಳಪದರವನ್ನು ಸುತ್ತಲೂ ಕತ್ತರಿಸಿ ಎತ್ತಿದರು. ಎತ್ತಿದವರು ಹಾಗೇ ನಿಂತರು.

"ಟೈಲರ್ರೇ," ಅಂದರು. "ನಾನು ಹಾಕಿದಾಗ ಇದು ಸಪಾಟಾಗಿತ್ತು."

ಕಿರುಬೆರಳಿನ ಅರ್ಧದಷ್ಟು ದಪ್ಪದ ಆ ಉಕ್ಕಿನ ತಗಡು ಬಾಣಲೆಯ ಹಾಗೆ ಒಳಮುಖವಾಗಿ ಬಗ್ಗಿತ್ತು. ನಟ್ಟನಡುವೆ, ಸರಿಯಾಗಿ ಕೂತವರ ಪಕ್ಕೆಲುಬು ಬರುವ ಜಾಗದಲ್ಲಿ. ಹೊರಗಿನ ಪದರ ಮಾತ್ರ ಹೊಸದರಂತೆ ನುಣ್ಣಗಿತ್ತು.

ನಾನು ಭಾವನ ಮುಖ ನೋಡಿದೆ. ಅದರಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಕಳೆ ಇತ್ತು.

"ಸಣ್ಣದಾಗಿ ತಾಗಿತ್ತು ಅಷ್ಟೇ" ಅಂದರು. "ಹಿಂದಿನ ಸಲ ಹೋದಾಗ. ತಿರುವಿನಲ್ಲಿ ಒಬ್ಬ ಬ್ರೇಕ್ ತಪ್ಪಿ ಬಂದು ಬಾಗಿಲಿಗೆ ಗುದ್ದಿದ. ನನಗೇನೂ ಆಗ್ಲಿಲ್ಲ. ಅಲ್ಲೇ ಟ್ರ್ಯಾಕ್ ಪಕ್ಕದ ಶೆಡ್ಡಲ್ಲಿ ಹೊರಗಿನ ತಗಡು ಬದಲಾಯಿಸಿ ಪೇಂಟ್ ಹೊಡೆಸಿದೆ. ಒಳಗೇನಿದೆ ಅಂತ ನಾನು ನೋಡೋಕೆ ಹೋಗ್ಲಿಲ್ಲ. ಮನೇಲಿ ಯಾಕೆ ಹೇಳಿ ಹೆದರಿಸೋದು ಅಂತ..."

ಹಾಲಿನ ಲಾರಿಯವರಿಗೂ ಗೊತ್ತಿತ್ತು, ಅವರ ಬಾಯಿಯನ್ನೂ ಮುಚ್ಚಿಸಿದ್ದರು. ಅಕ್ಕ ಒಂದೇ ಮಾತು ಕೇಳಿದಳು. "ಏಣಿಯಿಂದ ಬಿದ್ದೆ ಅಂದ್ರಲ್ಲ?"

ಆಗ ನನಗೂ ನೆನಪಾಯಿತು. ಅಂಗಡಿಯ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿ ಜಾರಿತೆಂದು ಹೇಳಿ ಭಾವ ಹತ್ತು ದಿನ ಪಕ್ಕೆ ಹಿಡಿದುಕೊಂಡು ಓಡಾಡಿದ್ದರು. ನೀಲಿಗಟ್ಟಿದ್ದ ಆ ಪಕ್ಕೆಗೆ ಅಕ್ಕ ಬೆಳಗ್ಗೆ ಸಂಜೆ ಮುಲಾಮು ಹಚ್ಚುತ್ತ, ಆ ಏಣಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಹೊಸ ಏಣಿಯನ್ನೂ ತಂದಿಟ್ಟಿದ್ದಳು.

ಭಾವ ಟೇಪು ತೆಗೆದರು. ಅಭ್ಯಾಸಬಲವೋ ಏನೋ, ಕೈ ತಾನಾಗಿ ಹೋಯಿತು. ಕಿಡಿಯಣ್ಣ ಬಾಗಿಲನ್ನು ಅದರ ಜಾಗಕ್ಕೆ ಎತ್ತಿ ಹಿಡಿದರು, ಭಾವ ಬಗ್ಗಿ ತಗಡಿನ ಹೊಟ್ಟೆಯಿಂದ ಸೀಟಿನ ಅಂಚಿನವರೆಗೆ ಅಳೆದರು. ಎರಡೂವರೆ ಇಂಚು. ಇನ್ನೊಮ್ಮೆ ಅಳೆದರು. "ಕೋಟು ಹೊಲಿಯುವಾಗ ಮೈಗೆ ಸಡಿಲ ಇಷ್ಟೇ ಬಿಡೋದು ನಾನು" ಅಂದರು. ಆಮೇಲೆ ಅಲ್ಲೇ ಸಿಮೆಂಟು ನೆಲದ ಮೇಲೆ, ಕಬ್ಬಿಣದ ಪುಡಿಯಲ್ಲಿ, ಕೂತುಬಿಟ್ಟರು. ತಗಡು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರು ಉಳಿದಿದ್ದಾರೆ, ಇಲ್ಲೇ ಕಣ್ಣೆದುರು ಕೂತಿದ್ದಾರೆ ಎಂದು ಗೊತ್ತಿದ್ದೂ ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕ ಅಳಲಿಲ್ಲ. ಹೋಗಿ ಆ ತಗ್ಗಿನೊಳಗೆ ಅಂಗೈ ಇಟ್ಟು ನೋಡಿದಳು. ಆಮೇಲೆ ಚಪ್ಪಲಿ ಹಾಕಿಕೊಂಡು ಒಬ್ಬಳೇ ಮನೆಗೆ ನಡೆದುಬಿಟ್ಟಳು. ಕಿಡಿಯಣ್ಣ ಮಿಷನ್ನಿನ ವೈರು ಕಿತ್ತಿಟ್ಟರು. "ಇನ್ನು ನನ್ನ ಕೈಲಿ ಇದನ್ನ ಕಡಿಯೋಕಾಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ" ಅಂದರು. "ಕಡೀಬೇಡಿ. ಬಗ್ಗಿದ್ದನ್ನ ತೆಗೆದು ಹೊಸದು ಹಾಕಿ" ಅಂದರು ಭಾವ, ಕೂತಲ್ಲಿಂದಲೇ.

ಅಂದರೆ ಕೆಂಪು ಕಾರು ಕೈಬಿಟ್ಟ ಹಾಗೆಯೇ. ಆದರೆ ಭಾವನಿಗೆ ಆಗ ಬೇರೆಯದೇ ದಿಗಿಲು ಹಿಡಿದಿತ್ತು. ಅಕ್ಕ ಇನ್ನು ಟ್ರ್ಯಾಕಿನ ಹೆಸರೆತ್ತಲು ಬಿಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡರು. ಹೇಳಿದರೆ ತಾವು ಕೇಳಲೇಬೇಕು, ಎದುರಾಡಲು ತಮಗೆ ಯಾವ ಮುಖವಿದೆ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ನಾನಾಗಿದ್ದರೆ ಆ ಕಾರನ್ನು ಗುಜರಿಗೆ ಹಾಕಿ ತೂಕದ ಚೀಟಿ ತಂದುಕೊಡುತ್ತಿದ್ದೆ.

ಮರುದಿನ ಬೆಳಗ್ಗೆ ಅಕ್ಕ ನನಗೆ ಫೋನ್ ಮಾಡಿ ಬಟ್ಟೆ ಒಗೆಯುವ ಕಂಪನಿಯ ಅಂಗಳಕ್ಕೆ ಬಾ ಅಂದಳು. ಹೋದರೆ ಅವಳು ಆ ಡೀಸೆಲ್ ವ್ಯಾನಿನ ಮುಂದೆ ಕೈಕಟ್ಟಿ ನಿಂತಿದ್ದಾಳೆ, ಹತ್ತು ಹೆಜ್ಜೆ ಹಿಂದೆ ಭಾವ. ವ್ಯಾನು ಮಾರುವವರು ಬಾನೆಟ್ಟು ಎತ್ತಿ ಎಂಜಿನ್ನಿನ ಗುಣಗಾನ ಶುರುಮಾಡಿದ್ದರು.

"ಓಡೋದು ಆಮೇಲೆ ನೋಡೋಣ, ಮೊದಲು ನಿಲ್ಲೋದು ತೋರಿಸಿ" ಅಂದಳು ಅಕ್ಕ.

ಅವರು ತೋರಿಸಿದರು. ಸೋಪಿನ ನೀರು ಹರಿಯುತ್ತಿದ್ದ ಅಂಗಳದಲ್ಲೂ ವ್ಯಾನು ಗಕ್ಕನೆ ನಿಂತಿತು. ಅಕ್ಕ ಮೂರು ಸಲ ಮಾಡಿಸಿದಳು. ಆಮೇಲೆ ಬಾಗಿಲ ಅಂಚಿನ ತಗಡನ್ನು ಸೆರಗಿನಿಂದ ಒರೆಸಿ ಓದಿದಳು. ಸಾವಿರದ ಐನೂರು ಕೆಜಿ.

"ನಮ್ಮದು ಸಾವಿರದ ನೂರ ಎಂಬತ್ತು" ಅಂದಳು ನನ್ನ ಕಡೆ ತಿರುಗಿ. "ಇನ್ನೂ ಒಂದು ಎಪ್ಪತ್ತು ಕೆಜಿ ಸೇರಿದ್ರೂ ಎಳಿಯತ್ತೆ ಅಲ್ವೇನೇ?"

"ಧಾರಾಳವಾಗಿ. ಯಾಕೆ?"

ಭಾವ ಹತ್ತಿರ ಬಂದರು. "ಇನ್ನೂ ಕಬ್ಬಿಣ ಹಾಕಿಸ್ತೀಯಾ? ಎಲ್ಲಿಗೆ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ಭಾನುವಾರ ಉಳಿಯುತ್ತದೋ ಇಲ್ಲವೋ ಎಂಬುದಷ್ಟೇ ಅವರಿಗೆ ಬೇಕಾಗಿದ್ದದ್ದು.

"ಆ ಕಡೆ ಬಾಗಿಲಿಗೆ ಒಂದು ತಗಡು" ಅಂದಳು ಅಕ್ಕ. "ಆ ಕಡೆ ಕಿತ್ತು ಬಿಸಾಕಿದ್ರಲ್ಲ, ಆ ಸೀಟು. ಅದರ ಕೆಳಗೂ ಒಂದು ತಗಡು."

"ಆ ಕಡೆ ಯಾರೂ ಕೂರಲ್ವಲ್ಲೇ."

"ನಾನು ಕೂತ್ಕೋತೀನಿ."

ಉಯ್ಯಾಲೆಯಲ್ಲಿ ಕೂತರೂ ಕಣ್ಣು ಮುಚ್ಚಿಕೊಳ್ಳುವವಳು ನನ್ನ ಅಕ್ಕ. ನಾನು ಕಿವಿಯಾರೆ ಕೇಳಿದ್ದನ್ನು ನಂಬದೆ ಅವಳನ್ನೇ ನೋಡಿದೆ. ಭಾವ ಏನೋ ಹೇಳಲು ಹೋದರು, ಅವಳು ಬಿಡಲಿಲ್ಲ.

"ಹೆದರಿಕೆ ಆಗತ್ತೆ. ಮನೇಲಿ ಕೂತಿದ್ರೂ ಆಗತ್ತೆ. ಆದ್ರೆ ಅಲ್ಲಿ ಏನಾದ್ರೂ ನನ್ನ ಕಣ್ಣೆದುರಿಗೇ ಆಗ್ಲಿ. ಮನೇಲಿ ಕೂತು ಹತ್ತು ದಿನ ಏಣಿಗೆ ಬೈಯೋದು ಇನ್ನು ನನ್ನ ಕೈಲಾಗಲ್ಲ."